ಹಳೆ ಕೀಬೋರ್ಡ್ ಗುಜರಿಗೆ ಹಾಕುವ ಮುನ್ನ

ಮಾನ್ಯರೇ,

ಆರ್ಕೆಸ್ಟ್ರಾ ತಂಡ, ಭಜನಾ ಮಂಡಳಿಗಳಲ್ಲಿರುವ ಹಳೆಯ ಯಮಹಾ, ಕ್ಯಾಸಿಯೊ ಕೀಬೋರ್ಡ್‌ಗಳು ಪೆಡಲ್ ಅಥವಾ ಅಡಾಪ್ಟರ್ ವೈರ್ ಕೆಟ್ಟ ಮಾತ್ರಕ್ಕೆ ಮೂಲೆ ಸೇರುತ್ತಿವೆ. ಬೋರ್ಡ್ ಬಿಚ್ಚುವ ಮೊದಲು ಹೊರಗಿನ ವೈರ್ ಪರೀಕ್ಷಿಸಬೇಕು.

ಸಸ್ಟೇನ್ ಪೆಡಲ್ (ಕಾಲಲ್ಲಿ ಒತ್ತಿದರೆ ಸ್ವರ ಉಳಿಸುವ ಪೆಡಲ್) ವೈರ್ ಹೆಚ್ಚಾಗಿ ತುಂಡಾಗುವುದು ಪ್ಲಗ್ಗಿನ ಕತ್ತಿನಲ್ಲೇ. ಮಲ್ಟಿಮೀಟರನ್ನು ಬಝರ್‌ಗಿಟ್ಟು (ಸಂಪರ್ಕವಿದ್ದರೆ ಸದ್ದು ಮಾಡುವ ಸ್ಥಾನ) ಪ್ಲಗ್ಗಿನ ತುದಿಗೂ ಬುಡಕ್ಕೂ ತಾಗಿಸಿ, ಪೆಡಲ್ ಒತ್ತಿಬಿಟ್ಟು, ವೈರನ್ನು ಅಲುಗಾಡಿಸಿ. ಅಲುಗಾಡಿಸಿದಾಗ ಸದ್ದು ಬಂದುಹೋಗಿ ಮಾಡಿದರೆ ಪ್ಲಗ್ಗಿನಿಂದ ಐದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಹೊಸ 6.35 ಮಿ.ಮೀ. ಮೊನೊ ಪ್ಲಗ್ ಬೆಸೆಯಿರಿ. ಪ್ಲಗ್ಗಿನ ಕ್ಯಾಪನ್ನು ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ಮರೆತರೆ ಬೆಸುಗೆ ಬಿಚ್ಚಿ ಮತ್ತೆ ಶುರು. ವೈರಿನೊಳಗೆ ನೂಲಿಗೆ ಸುತ್ತಿದ ಬಣ್ಣದ ಎಳೆಗಳಿದ್ದರೆ ಮೇಲಿನ ಲೇಪವನ್ನು ಕೆರೆಯದೆ ಸೀಸ ಹಿಡಿಯುವುದಿಲ್ಲ.

ಪೆಡಲ್ ಉಲ್ಟಾ ಕೆಲಸ ಮಾಡಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಯಮಹಾ ಎಫ್‌ಸಿ5 ಪೆಡಲಿನ ಸ್ವಿಚ್ ಸುಮ್ಮನಿದ್ದಾಗ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಕ್ಯಾಸಿಯೊ ಎಸ್‌ಪಿ-3ರದು ತದ್ವಿರುದ್ಧ. ಕೆಲವು ಕೀಬೋರ್ಡ್‌ಗಳು ಆನ್ ಮಾಡಿದ ಕ್ಷಣ ಪೆಡಲ್ ಸ್ಥಿತಿ ಓದಿ ಹೊಂದಿಸಿಕೊಳ್ಳುತ್ತವೆ, ಆಗ ಕಾಲು ಪೆಡಲ್ ಮೇಲಿರಬಾರದು. ಹಳೆಯವು ಹೊಂದಿಸಿಕೊಳ್ಳದಿದ್ದರೆ, ಮೂರು ಕಾಲಿನ ಮೈಕ್ರೊಸ್ವಿಚ್ ಇರುವ ಪೆಡಲ್‌ನಲ್ಲಿ ಎನ್‌ಸಿ (ಸುಮ್ಮನಿದ್ದಾಗ ಕೂಡಿರುವ) ಕಾಲಿನ ವೈರನ್ನು ಎನ್‌ಒ (ಒತ್ತಿದಾಗ ಮಾತ್ರ ಕೂಡುವ) ಕಾಲಿಗೆ ಬದಲಿಸಿದರೆ ಸರಿಹೋಗುತ್ತದೆ.

ವಾಲ್ಯೂಮ್ ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಬೇರೆಯೇ ಕಥೆ. ಅದಕ್ಕೆ ಮೂರು ವೈರ್, ಸ್ಟೀರಿಯೊ ಪ್ಲಗ್. ಯಮಹಾ ಎಫ್‌ಸಿ7ರಲ್ಲಿ 50 ಕಿಲೋ ಓಮ್ ಪಾಟ್‌ನ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್‌ನ) ನಡುವಿನ ಕಾಲು ಪ್ಲಗ್ಗಿನ ಮಧ್ಯದ ಉಂಗುರಕ್ಕೆ ಬರುತ್ತದೆ. ರೋಲ್ಯಾಂಡ್ ಇವಿ-5ರಲ್ಲಿ ಪಾಟ್ 10 ಕಿಲೋ ಓಮ್, ನಡುಗಾಲು ತುದಿಗೆ. ಒಂದರ ಪೆಡಲ್ ಇನ್ನೊಂದಕ್ಕೆ ಚುಚ್ಚಿದರೆ ವಾಲ್ಯೂಮ್ ಕೊನೆಯ ಸ್ವಲ್ಪ ಜಾಗದಲ್ಲಿ ಮಾತ್ರ ಹಾರುತ್ತದೆ. ಇಲ್ಲಿಗೆ ಮೊನೊ ಪ್ಲಗ್ ಹಾಕಿದರೆ ಉಂಗುರ ನೇರ ಗ್ರೌಂಡಿಗೆ ಶಾರ್ಟ್.

ಎಲ್ಲಕ್ಕಿಂತ ಅಪಾಯ ಅಡಾಪ್ಟರಿನದು. ಹಳೆ ಕ್ಯಾಸಿಯೊಗಳ ಎಡಿ-5 ಅಡಾಪ್ಟರ್ ಒಂಬತ್ತು ವೋಲ್ಟ್, ಪಿನ್ನಿನ ಒಳಭಾಗ ಮೈನಸ್. ಯಮಹಾ ಪಿಎ-3 ಹನ್ನೆರಡು ವೋಲ್ಟ್, ಒಳಭಾಗ ಪ್ಲಸ್. ಪಿನ್ ಕತ್ತರಿಸಿ ಜೋಡಿಸುವಾಗ ವೈರಿನ ಬಣ್ಣ ನಂಬಬೇಡಿ. ಮೀಟರನ್ನು ಡಿಸಿ ವೋಲ್ಟ್‌ಗಿಟ್ಟು, ಅದರ ಕೆಂಪು ಪ್ರೋಬನ್ನು (ಕಡ್ಡಿಯನ್ನು) ಪಿನ್ನಿನ ಒಳಗಿಟ್ಟು, ಕಪ್ಪನ್ನು ಹೊರಗಿಟ್ಟು ನೋಡಿ, ಮೈನಸ್ ಚಿಹ್ನೆ ಬಂದರೆ ಒಳಗೆ ಮೈನಸ್. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ 9 ವೋಲ್ಟ್ ಅಡಾಪ್ಟರ್ ಲೋಡ್ ಇಲ್ಲದಾಗ 12–13 ತೋರಿಸುವುದು ಸಹಜ, ಗಾಬರಿ ಬೇಡ. ಉಲ್ಟಾ ಕೊಟ್ಟರೆ ರಕ್ಷಣೆಯ ಡಯೋಡ್ ಇಲ್ಲದ ಸೆಟ್‌ನಲ್ಲಿ ಆಂಪ್ಲಿಫೈಯರ್ ಐಸಿ ಹೋಗುತ್ತದೆ.

ಮಾರುಕಟ್ಟೆಯ ‘ಯೂನಿವರ್ಸಲ್’ ಅಡಾಪ್ಟರ್‌ಗಳ ತುದಿ ಎರಡೂ ಕಡೆ ತಿರುಗಿಸಿ ಚುಚ್ಚಬಹುದಾದಂಥದ್ದು. ಮಾರುವವರು ಪೊಟ್ಟಣದ ಮೇಲೆ ಪ್ಲಸ್–ಮೈನಸ್ ಚಿತ್ರವನ್ನು, ಪೆಡಲ್ ಮೇಲೆ ಎನ್‌ಒ ಅಥವಾ ಎನ್‌ಸಿ ಎಂಬುದನ್ನು ದಪ್ಪಕ್ಷರದಲ್ಲಿ ಮುದ್ರಿಸಲಿ.

– ವಾದ್ಯ ರಿಪೇರಿ ಮಾಡುವ ಓದುಗ, ದಾವಣಗೆರೆ