ಕೆರೆದಂಡೆಯ ಮನೆಗೆ ಮೊದಲು ತೂಬಿನ ವಿಚಾರಣೆಯಾಗಲಿ

ಮಾನ್ಯ ಸಂಪಾದಕರೇ,

ಸರೋವರದ ದಂಡೆಯಲ್ಲಿ ಅಗ್ಗದ ಮನೆ ಕೊಂಡು ದಿನಬಾಡಿಗೆಗೆ ಬಿಡುವ ಬಗ್ಗೆ ನಿಮ್ಮ ಆಸ್ತಿ ಪುಟದಲ್ಲಿ ಬಂದ ಲೇಖನ ಓದಿದೆ. ಊರುಗಳನ್ನು ಮನೆಯ ಬೆಲೆಯ ಪ್ರಕಾರ ಸಾಲಾಗಿ ಜೋಡಿಸಿದ ಪಟ್ಟಿಯೇ ಅದರ ಜೀವಾಳ. ಇಂಥ ಮನೆಗಳ ಲೆಕ್ಕ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ಒಂದು ಮಾತು ಹೇಳಬೇಕೆನಿಸಿತು. ಪಟ್ಟಿಯ ಮೊದಲ ಸಾಲಿನ ಊರು ಅಗ್ಗವಾಗಿರುವುದಕ್ಕೆ ಕಾರಣ ಇದ್ದೇ ಇರುತ್ತದೆ, ಆ ಕಾರಣ ಹೆಚ್ಚಾಗಿ ನೀರಿನಲ್ಲೇ ಇರುತ್ತದೆ. ಲೇಖನದಲ್ಲಿ ನೀರಿನ ಸುದ್ದಿಯೇ ಇರಲಿಲ್ಲ.

ತಾನಾಗಿ ನಿಂತ ಸರೋವರವೋ, ಅಣೆ ಕಟ್ಟಿ ನಿಲ್ಲಿಸಿದ ಜಲಾಶಯವೋ ಎಂಬುದನ್ನು ಮೊದಲು ಕೇಳಬೇಕು. ಜಲಾಶಯವಾದರೆ ತೂಬು ಯಾರ ಕೈಯಲ್ಲಿದೆ? ನೀರಾವರಿಗೋ ವಿದ್ಯುತ್ತಿಗೋ ಕಟ್ಟಿದ ಕಡೆ, ಪ್ರವಾಸಿಗರು ಬರುವ ತಿಂಗಳಲ್ಲೇ ನೀರು ಬಿಡಬೇಕಾಗಿ ಬಂದರೆ ದಂಡೆಯ ಮನೆಯವರ ಅನುಮತಿ ಯಾರೂ ಕೇಳುವುದಿಲ್ಲ. ಅಮೆರಿಕದ ಮೀಡ್ ಜಲಾಶಯ 2022ರ ಜುಲೈನಲ್ಲಿ, 1937ರಲ್ಲಿ ತುಂಬುತ್ತಿದ್ದ ಕಾಲದ ಮಟ್ಟಕ್ಕೆ ಇಳಿದಿತ್ತು. ಮಿಷಿಗನ್ ರಾಜ್ಯದ ಈಡನ್‌ವಿಲ್ ಅಣೆಕಟ್ಟು 2020ರ ಮೇ 19ರಂದು ಒಡೆದಾಗ ವಿಕ್ಸಮ್ ಸರೋವರವೇ ಬರಿದಾಯಿತು. ಹಿಂದಿನ ದಿನ ನೀರಿನಂಚಿನಲ್ಲಿದ್ದ ಮನೆಗಳ ಮುಂದೆ ಉಳಿದದ್ದು ಕೆಸರು. ಸಾಲದ್ದಕ್ಕೆ, ಅಣೆಕಟ್ಟುಗಳನ್ನು ಮತ್ತೆ ಕಟ್ಟುವ ಖರ್ಚಿನ ಒಂದು ಪಾಲು ಆ ಆಸ್ತಿದಾರರ ತಲೆಗೇ ಬಂತು. ಇದೆಲ್ಲ ಅಪರೂಪ ಎನ್ನಬಹುದು. ಆದರೆ ಪ್ರತಿವರ್ಷವೂ ನೀರಿನ ಮಟ್ಟ ಇಳಿಯುವ ಜಲಾಶಯಗಳು ಅಪರೂಪವಲ್ಲ.

ಗಿರಾಕಿಗಳು ತೋರಿಸುವ ಮಾರಾಟದ ಫೋಟೊಗಳನ್ನು ನಾನು ಹಿಗ್ಗಿಸಿ ನೋಡುತ್ತೇನೆ. ಒಂದರಲ್ಲಿ ದೋಣಿಕಟ್ಟೆಯ ಕಂಬಗಳ ಮೇಲೆ ಮೊಣಕಾಲೆತ್ತರಕ್ಕೊಂದು, ಸೊಂಟದೆತ್ತರಕ್ಕೊಂದು ಬಿಳಿಗೆರೆ ಎದ್ದು ಕಾಣುತ್ತಿತ್ತು. ನೀರು ಎಲ್ಲೆಲ್ಲಿ ನಿಂತು ಇಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅನುಮಾನವಿದ್ದರೆ ಉಪಗ್ರಹ ಚಿತ್ರ ತೆರೆಯಿರಿ. ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳು 1972ರಿಂದ ಇವೆ, ಬಿಟ್ಟಿಯಾಗಿ ಸಿಗುತ್ತವೆ. ಬೇರೆ ಬೇರೆ ವರ್ಷಗಳ ಒಂದೇ ತಿಂಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದಂಡೆ ಎಷ್ಟು ಹಿಂದೆ ಸರಿಯುತ್ತದೆಂದು ತಿಳಿಯುತ್ತದೆ.

ನೀರಿದ್ದರೆ ಸಾಲದು, ಜನ ಅದರಲ್ಲಿ ಇಳಿದು ಈಜುವಂತೆಯೂ ಇರಬೇಕು. ರಂಜಕ (ಗೊಬ್ಬರದಲ್ಲೂ ಮಲಮೂತ್ರದಲ್ಲೂ ಇರುವ ಫಾಸ್ಫರಸ್) ಹೆಚ್ಚಾದ ನೀರಿನಲ್ಲಿ ಬೇಸಿಗೆಗೆ ಹಸಿರು ಪಾಚಿ ಕಟ್ಟುತ್ತದೆ, ಅದರಲ್ಲಿ ಕೆಲವು ಬಗೆ ವಿಷಕಾರಿ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ಪಾಚಿಯಿಂದಾಗಿ ಅಮೆರಿಕದ ಟೊಲೀಡೊ ನಗರದವರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಅಲ್ಲಿ ಮುಖ್ಯ ಕಾರಣ ಹೊಲಗಳ ಗೊಬ್ಬರ. ಸಣ್ಣ ಸರೋವರಗಳಲ್ಲಿ ದಂಡೆಯ ಮನೆಗಳ ಶೌಚಗುಂಡಿಯೂ ಪಾಲುದಾರ. ನಾಲ್ಕು ಜನರ ಸಂಸಾರಕ್ಕೆಂದು ತೋಡಿದ ಗುಂಡಿಗೆ ವಾರಾಂತ್ಯದಲ್ಲಿ ಹನ್ನೆರಡು ಅತಿಥಿಗಳು ಸ್ನಾನ ಮಾಡಿ, ಬಟ್ಟೆ ಒಗೆದು ನೀರು ಹರಿಸಿದರೆ ಅದು ಮಣ್ಣಿನಲ್ಲಿ ಸೋಸಿಹೋಗಲು ಹೊತ್ತೇ ಸಿಗುವುದಿಲ್ಲ. ಮಾಲೀಕ ತನ್ನ ಆದಾಯದ ಮೂಲವನ್ನೇ ಕೆಡಿಸುತ್ತಿರುತ್ತಾನೆ, ಅದೂ ಮನೆ ತುಂಬಿತೆಂಬ ಖುಷಿಯಲ್ಲಿ. ಎಷ್ಟು ಮಂಚ ಹಾಕಬಹುದೆಂದು ಕೇಳುವವರೇ ಎಲ್ಲ. ಗುಂಡಿಯ ಅಳತೆ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಇನ್ನು ಆದಾಯ. ವರ್ಷದಲ್ಲಿ ಶುಕ್ರವಾರ, ಶನಿವಾರದ ರಾತ್ರಿಗಳು ಸುಮಾರು 104. ಒಂದೂ ತಪ್ಪದೆ ತುಂಬಿದರೂ ಮನೆ ಶೇ 28ರಷ್ಟು ಮಾತ್ರ ಭರ್ತಿ. ಉಳಿದ 261 ರಾತ್ರಿಗಳಿಗೆ ಯಾರು ಬರುತ್ತಾರೆ? ಹತ್ತಿರ ಆಸ್ಪತ್ರೆಯೋ ವಿಶ್ವವಿದ್ಯಾಲಯವೋ ಇದ್ದರೆ ವಾರದ ನಡುವೆಯೂ ಬರುವವರಿದ್ದಾರು. ನೀರು ಬಿಟ್ಟರೆ ಬೇರೇನೂ ಇಲ್ಲದ ಊರಿನಲ್ಲಿ ಇಲ್ಲ. ಶುಚಿ ಮಾಡುವ ಖರ್ಚು ರಾತ್ರಿಗಲ್ಲ, ಪ್ರತಿ ತಂಡಕ್ಕೆ ಬೀಳುತ್ತದೆ. ಎಂಟು ರಾತ್ರಿ ಒಂದೇ ತಂಡ ಇದ್ದರೂ ಹಾಸಿಗೆ ಬಟ್ಟೆ ಒಗೆಯುವುದು ಒಂದು ಸಲ, ಎರಡೆರಡು ರಾತ್ರಿಯವರು ಬಂದರೆ ನಾಲ್ಕು ಸಲ. ಈ ಸಾಲನ್ನು ಬರೆಯದೆ ಲಾಭ ತೋರಿಸುವ ದಲ್ಲಾಳಿಯ ಹಾಳೆಯನ್ನು ನಾನು ಬದಿಗಿಡುತ್ತೇನೆ.

ಪರವಾನಗಿಯ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಅಮೆರಿಕದ ಟಾಹೋ ಸರೋವರದ ದಕ್ಷಿಣ ದಂಡೆಯ ಸೌತ್ ಲೇಕ್ ಟಾಹೋ ನಗರದಲ್ಲಿ 2018ರಲ್ಲಿ ಮತದಾರರೇ, ಕೂದಲೆಳೆಯ ಅಂತರದಲ್ಲಿ, ವಸತಿ ಬಡಾವಣೆಗಳ ದಿನಬಾಡಿಗೆಗೆ ತಡೆ ಹಾಕಿದರು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಬಾಡಿಗೆ ಮನೆ ಸಿಗದ ಸ್ಥಳೀಯರ ಸಿಟ್ಟು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ, ನನ್ನ ಗಿರಾಕಿಗಳಿಗೆ ಇದು ಹಿಡಿಸದಿದ್ದರೂ. ಹಲವು ಕಡೆ ಪರವಾನಗಿ ಇರುವುದು ಮಾಲೀಕನ ಹೆಸರಿಗೆ. ಮನೆ ಕೈಬದಲಾದರೆ ಅದು ಹೊಸಬನ ಜೊತೆ ಬರುವುದಿಲ್ಲ. ಮುಂಗಡ ಕೊಡುವ ಮೊದಲೇ ಸ್ಥಳೀಯ ಸಂಸ್ಥೆಯಿಂದ ಇದನ್ನು ಬರಹದಲ್ಲಿ ಪಡೆಯಬೇಕು.

ಮುಂದೆ ಇಂಥ ಪಟ್ಟಿ ಪ್ರಕಟಿಸುವಾಗ ಬೆಲೆಯ ಪಕ್ಕದಲ್ಲಿ ಇನ್ನು ಮೂರು ಅಂಕಣ ಹಾಕಿ: ನೀರಿನ ಮಟ್ಟ ನಿಯಂತ್ರಿಸುವವರು ಯಾರು, ವಾರದ ನಡುವಿನ ರಾತ್ರಿಗಳಲ್ಲಿ ಎಷ್ಟು ಭರ್ತಿ, ಹೊಸ ಪರವಾನಗಿ ಕೊಡುತ್ತಿದ್ದಾರೆಯೇ. ಮೂರನ್ನೂ ತುಂಬಲಾಗದ ಊರನ್ನು, ಎಷ್ಟೇ ಅಗ್ಗವಿರಲಿ, ಪಟ್ಟಿಯಿಂದ ಕೈಬಿಡಿ.

ಇಂತಿ,
ಓರ್ವ ಲೆಕ್ಕಿಗ, ನಿಮ್ಮ ಖಾಯಂ ಓದುಗ