ತಕಯಾಮಾದ ಆ ಹಿರಿಯರಿಗೆ

ಜಪಾನಿನ ತಕಯಾಮಾದಲ್ಲಿ ಹಿಮ ಸುರಿಯುತ್ತಿತ್ತು. ಚಳಿಗೆ ಅಮ್ಮನ ಕೈಕಾಲು ಮರಗಟ್ಟಿ ತಲೆ ಸುತ್ತು ಬಂತು. ಹತ್ತಿರದಲ್ಲಿದ್ದದ್ದು ಬಾಗಿಲಿಗೆ ಸೀಡರ್ ಎಲೆಯ ದೊಡ್ಡ ಉಂಡೆ ತೂಗುಹಾಕಿದ್ದ ‘ಸಾಕೆ’ ಎಂಬ ಅಕ್ಕಿಯ ಮದ್ಯ ತಯಾರಿಸುವ ಒಂದು ಮನೆ. ಅಕ್ಕಿ ಬೇಯಿಸುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಅಮ್ಮನನ್ನು ಹೀಟರ್ ಪಕ್ಕ ಕೂರಿಸಿದರು. ಅವಳ ಒದ್ದೆ ಶೂಗಳೊಳಗೆ ಹಳೇ ಪೇಪರ್ ತುರುಕಿ ಒಣಗಲಿಟ್ಟರು.

‘ಅಮಾಜಾಕೆ’ ಎಂಬ ಅಕ್ಕಿಯ ಬಿಸಿ ಸಿಹಿ ಪಾನೀಯ ತಂದಾಗ ಅಮ್ಮ ಹಿಂಜರಿದಳು, ಮದ್ಯ ಇರುತ್ತೇನೋ ಅಂತ. ಅವರಿಗೆ ಅರ್ಥವಾಯಿತು. ಅನ್ನ, ಬಿಳಿ ಬೂಷ್ಟು ಹಿಡಿದ ಕೋಜಿ ಅಕ್ಕಿ, ನೀರು ತೋರಿಸಿದರು. ಯೀಸ್ಟ್ ತೋರಿಸಿ, ಇದು ಹಾಕಿಲ್ಲ ಎಂದು ಕೈಯಾಡಿಸಿದರು. ಕೋಜಿ ಅನ್ನವನ್ನು ಸಿಹಿ ಮಾಡುತ್ತದೆ ಅಷ್ಟೇ. ಆ ಸಿಹಿ ಮದ್ಯವಾಗೋದು ಯೀಸ್ಟ್‌ನಿಂದ, ಅಲ್ವಾ?

ಅಮ್ಮ ಬಟ್ಟಲು ಖಾಲಿ ಮಾಡಿದಳು. ಮುಖಕ್ಕೆ ಕಳೆ ಬಂತು. ನನಗೂ ಹೋದ ಜೀವ ಬಂದಂತಾಯಿತು. ದುಡ್ಡು ಬೇಡವೇ ಬೇಡ ಎಂದರು. ಅಷ್ಟು ಕೆಲಸದ ನಡುವೆ ನಮಗಾಗಿ ನಿಂತಿರಿ, ತುಂಬಾ ಧನ್ಯವಾದ ಅಜ್ಜಾ.