ತಾಯಿ ಕಾರ್ಡಿನಲ್ಲಿ ಮಾತ್ರೆಗಳ ಹೆಸರೂ ಇರಲಿ

ಮಾನ್ಯರೇ,

ಕಳೆದ ವಾರ ಮಂಡ್ಯದ ಔಷಧಿ ಅಂಗಡಿಯೊಂದರಲ್ಲಿ, ಮೂರು ತಿಂಗಳ ಗರ್ಭಿಣಿಯಾದ ನನ್ನ ಸೊಸೆ ಸೊಂಟನೋವಿಗೆ ಮಾತ್ರೆ ಕೇಳಿದಾಗ, ಅಂಗಡಿಯವರು ವೈದ್ಯರ ಚೀಟಿಯನ್ನೂ ಕೇಳದೆ ಹಾಳೆಯಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಸಿ ಕೊಟ್ಟರು. ಹೆಸರು ಮುದ್ರಿತವಾಗಿದ್ದ ತುಂಡು ಅವರ ಬಳಿಯೇ ಉಳಿಯಿತು.

ಮಗುವಿನ ಜನನಾಂಗಗಳು ಬಹುಮಟ್ಟಿಗೆ ರೂಪುಗೊಳ್ಳುವುದು ಈ ತಿಂಗಳುಗಳಲ್ಲೇ. ಗರ್ಭಪಾತ ತಡೆಯುತ್ತದೆಂದು ನಂಬಿ 1940ರ ದಶಕದಿಂದ ಅಮೆರಿಕದ ಗರ್ಭಿಣಿಯರಿಗೆ ಕೊಡುತ್ತಿದ್ದ ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನಿನಿಂದ ತಾಯಂದಿರಿಗೆ ಆಗ ಏನೂ ಆದಂತೆ ಕಾಣಲಿಲ್ಲ. ಆದರೆ 1971ರಲ್ಲಿ ಬಾಸ್ಟನ್ನಿನ ವೈದ್ಯರು, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಹರೆಯಕ್ಕೆ ಬಂದ ಮೇಲೆ ಕಾಣಿಸಿಕೊಂಡ ಅಪರೂಪದ ಯೋನಿ ಕ್ಯಾನ್ಸರಿಗೂ ಆ ಔಷಧಿಗೂ ಇದ್ದ ನಂಟನ್ನು ಗುರುತಿಸಿದರು. ಮುಂದೆ ಆ ಹೆಣ್ಣುಮಕ್ಕಳಲ್ಲಿ ಗರ್ಭಕೋಶದ ವಿಕಾರ, ಬಂಜೆತನ, ಗಂಡುಮಕ್ಕಳಲ್ಲಿ ವೃಷಣ ಕೆಳಗಿಳಿಯದಿರುವಂಥ ತೊಂದರೆಗಳೂ ಕಂಡವು. ಇಷ್ಟು ತಡವಾಗಿ ಹೊರಬೀಳುವ ಹಾನಿಯನ್ನು ಯಾವ ತಾಯಿ ತಾನೇ ಊಹಿಸಿಯಾಳು?

ಗಂಡಸರ ಕೂದಲುದುರುವಿಕೆಗೆ ಕೊಡುವ ಫಿನಾಸ್ಟೆರೈಡ್ ಮಾತ್ರೆ ಪುಡಿಯಾಗಿದ್ದರೆ ಗರ್ಭಿಣಿಯರು ಮುಟ್ಟಲೂಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿಯಾಗಬಲ್ಲದು ಎಂಬ ಎಚ್ಚರಿಕೆಯೂ ಎಷ್ಟು ಮನೆಗಳಿಗೆ ತಲುಪಿದೆ?

ಹಾಗೆಂದು ಹೆದರಿ, ಥೈರಾಯ್ಡಿಗೋ ಮೂರ್ಛೆರೋಗಕ್ಕೋ ವೈದ್ಯರು ಬರೆದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ, ಅಂಗಡಿಯಿಂದ ನೇರವಾಗಿ ತಂದ ಮಾತ್ರೆಗಳ ಹೆಸರನ್ನೂ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಮಾಡಬೇಕು. ಹೆಸರಿಲ್ಲದ ತುಂಡು ಹಾಳೆ ಕೊಡುವ ಅಂಗಡಿಗಳನ್ನು ಔಷಧ ನಿಯಂತ್ರಣ ಇಲಾಖೆ ತಪಾಸಣೆ ಮಾಡಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಮಂಡ್ಯ